ಉಕ್ತಲೇಖನ

ರೂವಿಯ ಮೂರನೇ ಮಹಡಿ. ರಾತ್ರಿ ಹತ್ತೂವರೆ.
ಏಸಿಯಡಿಯ ಬಕೆಟ್ಟಿಗೆ ಒಂದೊಂದೇ ಹನಿ.
ಊಟದ ಮೇಜಿನ ತುಂಬ ಫಿಸಿಕ್ಸು, ಕೆಮಿಸ್ಟ್ರಿ,
ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆ.
ಅಂಚಿನಲ್ಲಿ, ಉಪ್ಪಿನಕಾಯಿ ಬಾಟಲಿಗೆ ಒರಗಿದ
ಎರಡು ಗೆರೆಯ ಒಂದು ತೆಳು ಕಾಪಿ.

ಗಣಿತದಲ್ಲಿ ತೊಂಬತ್ತಾರು ತೆಗೆಯುವ ಶಝ್ನಾ
ಊರಿನ ಕಾಲೇಜಿನ ಸೀಟಿಗಾಗಿ
ನಾಲ್ಕನೇ ಕ್ಲಾಸಿನ ಕನ್ನಡ ಪಾಸಾಗಬೇಕು.
ಮಿಕ್ಕಿದ್ದಕ್ಕೆಲ್ಲ ಟ್ಯೂಷನ್ ಉಂಟು.
ಇದಕ್ಕಿರುವುದು ನಾನು:
ಒಂಬತ್ತಕ್ಕೆ ಶಾಲೆ ಬಿಟ್ಟವನು,
ವಾದಿ ಕಬೀರಿನ ಗೋಡೌನಿನಲ್ಲಿ
ಹತ್ತೊಂಬತ್ತು ವರ್ಷದಿಂದ ಬೇರಿಂಗು ಎಣಿಸುವವನು.

ಪುಸ್ತಕ ಬರುವವರೆಗೆ ಅಕ್ಕಿಯ ಚೀಲ ಓದಿದೆವು.
ಬಂಟ್ವಾಳದಿಂದ ಬಂದ ಮದುವೆ ಕಾಗದ ಓದಿದೆವು;
‘ಆಗಮನಾಭಿಲಾಷಿಗಳು’ ಎಂಬಲ್ಲಿ
ಇಬ್ಬರಿಗೂ ಉಸಿರು ಕಟ್ಟಿತು.

‘ಅಕ್ಷರದ ಕಾಲಡಿಗೆ ಇನ್ನೊಂದು ಅಕ್ಷರ ಯಾಕೆ ಬಾಪಾ,
ಜಾಗ ಸಾಲದೆಯಾ?’
ನಾನು ಮೊದಲು ಇದ್ದ ರೂಮು ಹಾಗೆಯೇ ಮೋಳೇ,
ಮೇಲಿನ ಮಂಚಕ್ಕೊಬ್ಬ, ಕೆಳಗಿನದಕ್ಕೊಬ್ಬ,
ಹೆಸರು ಮಾತ್ರ ಒಟ್ಟಿಗೇ ಕರೆಯುವುದು.
ಆಮೇಲೆ ಅವಳು ಒತ್ತಕ್ಷರ ತಪ್ಪಲಿಲ್ಲ.

ಇವತ್ತು ಉಕ್ತಲೇಖನ.
ಮಳೆ ಎಂದೆ. ಎಂದೆ ಅಂದುಕೊಂಡೆ.
ಅವಳು ಕಿಟಕಿಯಾಚೆ, ದೀಪದ ಬೆಳಕಿಗೆ
ಪಕ್ಕೆಲುಬು ತೋರುವ ಬೋಳು ಬೆಟ್ಟ ನೋಡಿ
‘ಮಲೆ’ ಎಂದು ಬರೆದಳು.

ತಪ್ಪು ಅವಳದಲ್ಲ.
ನನ್ನ ಬ್ಯಾರಿ ನಾಲಗೆಗೆ ಆ ಮಡಿಕೆ ಬಾರದು.
ಹಣ್ಣು ಹನ್ನು, ಬಾಳೆ ಬಾಲೆ.
ಜಾರಪ್ಪ ಮಾಸ್ಟ್ರು ಅಂಗೈಗೆ ಹನ್ನೆರಡು ಕೊಟ್ಟರು,
ಅಂಗೈ ಬಾತಿತು, ನಾಲಗೆ ಮಡಚಲಿಲ್ಲ.

‘ಬಾಪಾ, ನಾಲಗೆ ಹಿಂದಕ್ಕೆ, ಅಂಗುಳಕ್ಕೆ. ಳ.’
ಲ.
‘ಳ.’
ಲ.
ಅಡುಗೆಮನೆಯಲ್ಲಿ ಅವಳುಮ್ಮ ಒಬ್ಬಳೇ ನಗುತ್ತಾಳೆ.

ಇವಳು ಪಾಸಾಗಲಿ ಎಂದು ಐದು ಹೊತ್ತೂ ಕೇಳುತ್ತೇನೆ.
ಪಾಸಾದರೆ ಈ ಕುರ್ಚಿಯನ್ನು ಏನು ಮಾಡುವುದು ಎಂದು
ಇನ್ನೂ ಕೇಳಿಲ್ಲ.

‘ಈಗ ನೀವು ಬರೀರಿ.’
ಪೆನ್ನು ನನ್ನ ಕೈಗೆ ಬಂತು.
‘ಮಗಳು’ ಎಂದಳು, ಬಿಡಿಸಿ, ನಿಧಾನ.
ಬರೆದೆ. ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿ
ಳದ ಸುಳಿ ಬಿಚ್ಚಿಕೊಂಡಿದೆ ಎಂದು
ಅರ್ಧ ಅಂಕ ಕಳೆದಳು.

ಬೆಳಿಗ್ಗೆ ಗೋಡೌನಿನಲ್ಲಿ
ಪೆಟ್ಟಿಗೆಯೊಂದರ ಧೂಳಿನ ಮೇಲೆ
ಬೆರಳು ತನ್ನಷ್ಟಕ್ಕೆ ಆ ಸುಳಿ ಸುತ್ತುತ್ತಿರುತ್ತದೆ.
ಯಾವ ಪಾರ್ಟಿನ ನಂಬರು ಇದು, ಮಸ್ಊದ್ ಕೇಳುತ್ತಾನೆ,
ಎಷ್ಟಿದೆ ಸ್ಟಾಕು?

ಒಂದೇ, ಎನ್ನುತ್ತೇನೆ.
ಜೂನಿನಲ್ಲಿ ಲೋಡಾಗುತ್ತದೆ.