ಕೆಳಗಿನ ದನಿ

ಸೆಲ್ಮಾದ ಚರ್ಚಿನ ಹಿಂದೆ, ವ್ಯಾನಿನ ಮೆಟ್ಟಿಲ ಮೇಲೆ ಕೂತು
ಹೋಶೇಯ ಟಾರ್ವರ್ ನೀಲಿ ಕೋಟಿನ
ತೋಳ ಮಡಿಕೆ ಬಿಚ್ಚುತ್ತಿದ್ದಾನೆ.
ಎಂಬತ್ತೊಂದು ಅವನಿಗೆ. ಸೂಜಿಗೆ ದಾರ ಪೋಣಿಸಲು
ಹುಡುಗನೇ ಬೇಕು.

ಈ ಕೋಟು ಮೊದಲು ಲೆಮ್ಯುಯೆಲ್‌ನದು.
ಆಮೇಲೆ ಅವನ ಭಾವಮೈದುನನದು, ಎರಡೇ ವರ್ಷ;
ಷಿಕಾಗೋಗೆ ಹೋದವನು ಕಾಗದ ಹಾಕಲಿಲ್ಲ.
ಆಮೇಲೆ ದಪ್ಪ ಆರ್ವೆಲ್:
ಅವನಿಗೆಂದು ಬೆನ್ನಿಗೆ ಕೂಡಿಸಿದ ಪಟ್ಟಿ
ಇನ್ನೂ ಒಂದು ಕಳೆ ಕಡುನೀಲಿ.

"ಯಾರ ಹಾಗೆ ಹಾಡಲಿ?"
ಟೈರ್ ಅಂಗಡಿಯ ಹುಡುಗ ಕೇಳುತ್ತಾನೆ.
ಮುದುಕ ಹಲ್ಲಲ್ಲಿ ದಾರ ಕಡಿಯುತ್ತಾನೆ.

"ಆರ್ವೆಲ್ ಸತ್ತ ಮೇಲೆ ಏಳು ತಿಂಗಳು
ಆ ಜಾಗ ಖಾಲಿ ಬಿಟ್ಟೇ ಹಾಡಿದೆವು.
ಮುಂದಿನ ಬೆಂಚಿನ ಮುದುಕಿಯರು
ಕಾಲಲ್ಲಿ ನೆಲ ಕುಟ್ಟಿ ತುಂಬಿಕೊಟ್ಟರು.
ಅವರಿಗೀಗ ಮಂಡಿನೋವು.
ತೊಡು."

ತೋಳು ಇನ್ನೂ ಒಂದಂಗುಲ ಗಿಡ್ಡ.