ಐದು ಆಂಪಿಯರಿನ ಮನೆ

ಟ್ರಿಪೋಲಿಯ ಈ ಬಂದರು ಬೀದಿಯಲ್ಲಿ
ಮನೆ ಎಷ್ಟು ದೊಡ್ಡದೆಂದು ಯಾರೂ ಕೋಣೆ ಎಣಿಸಿ ಹೇಳುವುದಿಲ್ಲ.
ನಮ್ಮದು ಐದು ಆಂಪಿಯರಿನ ಮನೆ.
ಎದುರಿನ ಹಲ್ಲಿನ ಡಾಕ್ಟರದು ಹದಿನೈದು.
ಕೆಳಗಿನ ಬೆದ್ರೋಸ್ ಅಜ್ಜ ಎರಡರಲ್ಲೇ ಕಳೆಯುತ್ತಾರೆ:
ಒಂದು ದೀಪ, ಒಂದು ರೇಡಿಯೊ, ಗಡಿಯಾರ ಬಿಚ್ಚುವ ಮೇಜು.

ಸರ್ಕಾರದ ಕರೆಂಟು ದೂರದ ನೆಂಟ, ಬಂದರೆ ಬಂದ.
ಉಳಿದ ಹೊತ್ತಿಗೆ ಅಬು ಮರ್ವಾನನ ಜನರೇಟರು.
ತಿಂಗಳಿಗಿಷ್ಟು ಎಂದು ಎಣಿಸಿಕೊಟ್ಟರೆ
ಬೀದಿ ದಾಟಿ, ಬಾಲ್ಕನಿಗಳ ಸೊಂಟ ಹಿಡಿದು
ಹತ್ತಿ ಬರುತ್ತದೆ ಒಂದು ಕಪ್ಪು ತಂತಿ.

ಈ ಚಳಿಗಾಲ ನನ್ನ ಇಸ್ತ್ರಿಪೆಟ್ಟಿಗೆ ಮಂಕಾಯಿತು.
ಮದುಮಗಳ ಸ್ಯಾಟಿನ್ ಉಡುಪು, ಇಪ್ಪತ್ತೆರಡು ನೆರಿಗೆ,
ಒಂದೊಂದಕ್ಕೂ ಒಂದು ಲೋಟ ಚಹಾ ಆರುವಷ್ಟು ಹೊತ್ತು.
ಮುದಿಯಾಯಿತು ಬಿಡು, ಅಂದರು ಎಲ್ಲರೂ.
ನನ್ನನ್ನೇ ನೋಡಿ ಅಂದ ಹಾಗಿತ್ತು.

ತಮ್ಮನ ಮಗ ವಸೀಮನ ಮೀಟರನ್ನು ಎರವಲು ತಂದೆ.
ಅವನು ಹೇಳಿಕೊಟ್ಟದ್ದು ಎರಡೇ ಮಾತು:
ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆ,
ಗುಣಿಸಿದರೆ ಕಸುವು.
ನಲವತ್ತು ವರ್ಷ ಎದೆ, ತೋಳು, ಸೊಂಟ ಅಳೆದವಳಿಗೆ
ಇನ್ನೆರಡು ಅಳತೆ ಭಾರವೆ?

ಕತ್ತರಿಸಿ ಉಳಿದ ಕಾಗದದ ಅಂಚಿನಲ್ಲಿ ಬರೆದೆ.
ನೂರ ಎಂಬತ್ತು ವೋಲ್ಟು. ನಾಲ್ಕು ಆಂಪಿಯರು.
ಭಾಗಿಸಿದರೆ ನಲವತ್ತೈದು ಓಮ್.
ಗುಣಿಸಿದರೆ ಏಳುನೂರ ಇಪ್ಪತ್ತು ವ್ಯಾಟು.
ಪೆಟ್ಟಿಗೆಯ ಬೆನ್ನಿನ ಮೇಲೆ ಬರೆದಿರುವುದು ಸಾವಿರದ ಚಿಲ್ಲರೆ.
ಇದೇ ನಲವತ್ತೈದು ಓಮಿಗೆ ಇನ್ನೂರ ಇಪ್ಪತ್ತು ವೋಲ್ಟು ಬಡಿಸಿದರೆ
ಸಾವಿರ ದಾಟುತ್ತದೆ, ಮೂರು ಸಲ ಲೆಕ್ಕ ಹಾಕಿದೆ.
ಮುಪ್ಪಲ್ಲ ಅದಕ್ಕೆ,
ಹಸಿವು.

ಜನರೇಟರಿನ ಗದ್ದಲದಲ್ಲಿ ಅಬು ಮರ್ವಾನ್ ಕೂಗಿದ:
ಮುಳ್ಳು ನೋಡು ಹಿಯಾಮ್, ಇನ್ನೂರ ಇಪ್ಪತ್ತು!
ಮತ್ತೆ, ನಾನು ಮಾರುವುದು ಆಂಪಿಯರು, ವ್ಯಾಟಲ್ಲ.
ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ.
ಅವನೂ ಹೇಳುತ್ತಿರಲಿಲ್ಲ, ಅದೇ ಮೊದಲ ಸಲ.

ಹಾಗಾದರೆ ದಾರಿಯಲ್ಲಿ ನಲವತ್ತು ವೋಲ್ಟು ಬಿದ್ದುಹೋಗಿದೆ.
ನಾಲ್ಕರಿಂದ ಭಾಗಿಸಿದೆ, ಹತ್ತು ಓಮ್.
ಗುಣಿಸಿದೆ, ನೂರ ಅರವತ್ತು ವ್ಯಾಟು.
ಯಾರ ಬಟ್ಟೆಗೆ ಇಸ್ತ್ರಿಯಾಗುತ್ತಿದೆ ಇದರಲ್ಲಿ?
ಅಷ್ಟುದ್ದದ ತಂತಿಗೆ ಒಂದು ಓಮ್ ಸಾಕು, ಅಂದ ವಸೀಮ.
ಉಳಿದ ಒಂಬತ್ತು, ಕಂಕುಳ ಹೊಲಿಗೆಯಲ್ಲಿ ಬಟ್ಟೆ ಮುದ್ದೆಗಟ್ಟಿದಂತೆ,
ಎಲ್ಲೋ ಒಂದೇ ಕಡೆ.

ಕತ್ತೆತ್ತಿ ತಂತಿಯ ಜೊತೆಗೇ ನಡೆದೆ.
ಬೆದ್ರೋಸರ ಬಾಲ್ಕನಿಯಲ್ಲಿ, ಎಣ್ಣೆ ಡಬ್ಬದ ನಿಂಬೆಗಿಡ
ಒಂದು ಕೊಂಬೆಯಲ್ಲಿ ಮಾತ್ರ ಸೀದಿತ್ತು.
ರೋಗವೆಂದು ಅಜ್ಜ ಎರಡು ತಿಂಗಳಿಂದ
ಸೋಪಿನ ನೀರು ಚಿಮುಕಿಸುತ್ತಿದ್ದರಂತೆ.
ಆ ಎಲೆಗಳ ಹಿಂದೆ ಗಂಟು:
ತಾಮ್ರಕ್ಕೆ ಅಲ್ಯೂಮಿನಿಯಂ ಸುತ್ತಿ ಯಾರೋ ಟೇಪು ಅಂಟಿಸಿದ್ದು
ಕರಗಿ, ಕರಿಕಾಗಿ, ನಾತ ಹೊಡೆಯುತ್ತಿತ್ತು.
ನೂರ ನಲವತ್ನಾಲ್ಕು ವ್ಯಾಟು ಒಂದು ಹೆಬ್ಬೆರಳಿನಷ್ಟು ಜಾಗದಲ್ಲಿ.
ಒಂದು ಗೇಣು ಆಚೆಗೆ ಪರದೆ,
ನಾನೇ ಹೊಲಿದುಕೊಟ್ಟ ಪರದೆ.

ದಾರದ ಗಂಟು ಸಡಿಲಾದರೆ ಅಂಚು ಬಿಚ್ಚುತ್ತದೆ ಅಷ್ಟೆ.

ಜನರೇಟರು ನಿಂತ ಹೊತ್ತು ನೋಡಿ ವಸೀಮ ಕತ್ತರಿಸಿದ.
ಬೆದ್ರೋಸ್ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು
ಗಡಿಯಾರದ ಅರದಲ್ಲಿ ತಾಮ್ರವನ್ನು ಉಜ್ಜಿದರು,
ಚಿನ್ನವೇನೋ ಎಂಬಂತೆ, ಗಂಟೆಗಟ್ಟಲೆ.
ಸಾಕು ಅಂದರೂ ಬಿಡಲಿಲ್ಲ.

ಸಂಜೆ ಇನ್ನೂರ ಹದಿನೈದು ವೋಲ್ಟು,
ಐದಕ್ಕೆ ಸ್ವಲ್ಪವೇ ಕಡಿಮೆ ಆಂಪಿಯರು.
ಗುಣಿಸುವ ಮೊದಲೇ ಸ್ಯಾಟಿನ್ ಬುಸುಗುಟ್ಟಿತು.
ಎಂಟನೆಯ ನೆರಿಗೆಗೆ ಬರುವಷ್ಟರಲ್ಲಿ
ಫ್ರಿಜ್ಜು ನಿದ್ದೆಯಿಂದೆದ್ದು ಒಮ್ಮೆ ನಡುಗಿತು,
ಟಕ್.
ಮನೆಯೆಲ್ಲ ಕತ್ತಲು.

ಕೂಡಿಸುವುದನ್ನೇ ಮರೆತಿದ್ದೆ!
ಪೆಟ್ಟಿಗೆ ಅರೆಹೊಟ್ಟೆಯಲ್ಲಿದ್ದಾಗ
ಫ್ರಿಜ್ಜಿಗೂ ಒಂದು ತುತ್ತು ಉಳಿಯುತ್ತಿತ್ತು.

ಗೋಡೆ ತಡವುತ್ತ, ನಗುತ್ತ ಇಳಿದೆ ನಾಲ್ಕು ಮಹಡಿ,
ಬೀದಿಯ ಪೆಟ್ಟಿಗೆಯಲ್ಲಿ ಬಿದ್ದ ಕಡ್ಡಿಯನ್ನು ಎತ್ತಲು.
ಏನಾಯಿತು ಹಿಯಾಮ್? ಬೆದ್ರೋಸ್ ಬಾಗಿಲು ತೆರೆದರು.
ಏನಿಲ್ಲ ಉಸ್ತಾದ್,
ಇವತ್ತು ಅದಕ್ಕೆ ಹೊಟ್ಟೆ ತುಂಬಿತು.