ಗುಂಡಿ ಒತ್ತುತ್ತಿದ್ದವನ ಮಾತು

ಕಂಚಿನ ಫಲಕದಲ್ಲಿ ಒತಿಲಿಯಾ ಸುಲ್ಕಾ ನಗುತ್ತಿದ್ದಾರೆ.
ಲಿಮಾದ ಈ ಲ್ಯಾಬಿನಲ್ಲಿ ಅವರು ನಕ್ಕದ್ದನ್ನು ನಾನು ಕಾಣೆ.

ನಡುಗುವ ಮೇಜಿನ ಮೇಲೆ ಮಣ್ಣಿಟ್ಟಿಗೆಯ ಮನೆ.
ಕಿಟಕಿ, ಬಾಗಿಲು, ಒಳಗೊಂದು ಮಗುವಿನ ಮಂಚ ಕೂಡ.
"ಖಾಲಿ ಮನೆ ಬೀಳಿಸಿದರೆ ಲೆಕ್ಕ ತಪ್ಪುತ್ತೆ, ಎಫ್ರಾಯಿನ್.
ಒತ್ತು."
ಒತ್ತಿದೆ.
ಒಂಬತ್ತು ಸೆಕೆಂಡು.
ಧೂಳು ಇಳಿಯುವ ತನಕ ಮಾತಿಲ್ಲ.
ಆಮೇಲೆ ಅದೇ ಹುಡಿಯನ್ನು ನೀರಲ್ಲಿ ಕಲಸಿ ತುಳಿದೆವು,
ಮೊಣಕಾಲುದ್ದ ಕೆಸರು, ಅವರ ಲಂಗವೂ ಅದೇ ಬಣ್ಣ.

ಬೆಟ್ಟದೂರಿನಲ್ಲಿ ಅವರ ತಂಗಿ ಗೋಡೆ ಪಕ್ಕ ಮಲಗಿದ್ದಳಂತೆ.
ಒಂದೇ ಸಲ ಹೇಳಿದರು, ಕೋಕಾ ಎಲೆಯ ಕಷಾಯ ಸೋಸುತ್ತಾ.

ಸಿಮೆಂಟು ಕೇಳಲಿಲ್ಲ, ಕಬ್ಬಿಣ ಕೇಳಲಿಲ್ಲ.
"ಅಲ್ಲಿಯವರ ಕೈಗೆ ಏನು ಸಿಗುತ್ತೆ?"
ಹೊಳೆದಂಡೆಯ ಜೊಂಡು. ಸಂತೆಯ ಈರುಳ್ಳಿ ಚೀಲದ ಬಲೆ.
ಮೂವತ್ತೆರಡನೆಯ ಮನೆ
ಮೈತುಂಬ ಬಿರುಕುಬಿಟ್ಟಿತು, ಹಳೇ ಗಡಿಗೆಯ ಹಾಗೆ.
ಬೀಳಲಿಲ್ಲ.
ಅವರು ಒಳಹೊಕ್ಕು ಆ ಪುಟ್ಟ ಮಂಚದ ಮೇಲೆ ಕುಳಿತರು.
ನಾನು ಗುಂಡಿಯಿಂದ ಕೈ ತೆಗೆದು ಕಿಸೆಯೊಳಗಿಟ್ಟುಕೊಂಡೆ.

ಇವತ್ತು ಭಾಷಣ, ಹೂಗುಚ್ಛ, ಮಂತ್ರಿ.
ಫಲಕಕ್ಕೆ ನಾಲ್ಕು ಮೊಳೆ ಸಾಕು ಅಂದ ಬಡಗಿ.
ಆರು ಹೊಡೆಸಿದೆ.
"ಇದರ ಕೆಳಗೆ ಮಲಗುವವರು ಯಾರು?" ಅಂತ
ಅವರು ಕೇಳಿಯೇ ಕೇಳುತ್ತಿದ್ದರು.